ಪಂಡಿತರ ಮರಳುವ ಹಕ್ಕು ಮತ್ತು ಪಟವಾರಿಯ ಕಡತ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜನವರಿ 19 ಬಂತೆಂದರೆ 1990ರಲ್ಲಿ ಕಾಶ್ಮೀರ ಕಣಿವೆ ಬಿಟ್ಟುಬಂದ ಅಲ್ಲಿನ ಹಿಂದೂ ಸಮುದಾಯವಾದ ಪಂಡಿತರ ಕುರಿತು ಪತ್ರಿಕೆಗಳಲ್ಲಿ ಲೇಖನಗಳು ಬರುತ್ತವೆ, ವೇದಿಕೆಗಳಲ್ಲಿ ಭಾಷಣಗಳಾಗುತ್ತವೆ. ಅವರನ್ನು ಗೌರವದಿಂದ ಮರಳಿ ಕರೆತರುತ್ತೇವೆ ಎಂಬ ಮಾತನ್ನು ದೆಹಲಿಯಲ್ಲಿ ಅಧಿಕಾರ ನಡೆಸಿದ ಎಲ್ಲರೂ ಆಡಿದ್ದಾರೆ. ಮೂವತ್ನಾಲ್ಕು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನನಗೆ ಈ ಚರ್ಚೆ ಪ್ರತಿ ಸಲವೂ ಅರ್ಧಕ್ಕೆ ನಿಂತಂತೆ ತೋರುತ್ತದೆ. ಮನೆಗೆ ಮರಳುವುದು ಹಕ್ಕು ಎಂದಾದರೆ ಆ ಮನೆ ಮತ್ತು ಆ ತೋಟ ಇಂದು ಯಾರ ಹೆಸರಿನಲ್ಲಿವೆ, ಯಾರ ಸ್ವಾಧೀನಾನುಭವದಲ್ಲಿವೆ ಎಂದು ಮೊದಲು ಕೇಳಬೇಕು. ಕೇಳುವವರು ಕಡಿಮೆ.

ನಮ್ಮ ಬಡಾವಣೆಯಲ್ಲಿ ಅನಂತನಾಗ್ ಜಿಲ್ಲೆಯ ಒಬ್ಬ ಪಂಡಿತರಿದ್ದಾರೆ. ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಬಹುಕಾಲ ಕೆಲಸ ಮಾಡಿ ಈಗ ಮೈಸೂರಿನಲ್ಲಿ ನೆಲೆಸಿದವರು. ನಾನು ಕಂದಾಯ ಇಲಾಖೆಯವನೆಂದು ತಿಳಿದ ಮೇಲೆ ಒಂದು ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳನ್ನು ತಂದು ನನ್ನ ಮುಂದೆ ಬಿಡಿಸಿದರು. ಮಡಿಕೆಗಳಲ್ಲಿ ಹರಿದು ಹಿಂಬದಿಗೆ ಟೇಪು ಅಂಟಿಸಿದ್ದ ಜಮಾಬಂದಿಯ, ಅಂದರೆ ಅಲ್ಲಿನ ಜಮೀನು ಹಕ್ಕುದಾಖಲೆಯ, ನಕಲದು. ಅಲ್ಲಿನ ದಾಖಲೆಗಳ ರೂಢಿಯಂತೆ ಪೂರ್ತಿ ಉರ್ದುವಿನಲ್ಲಿತ್ತು. ಅವರು ಬೆರಳಿಟ್ಟು ಓದಿ ಹೇಳಿದರು: ಖಸ್ರಾ (ಸರ್ವೆ) ನಂಬರು, ತಂದೆಯ ಹೆಸರು, ಹನ್ನೊಂದು ಕನಾಲ್ ಸೇಬಿನ ತೋಟ. ಒಂದು ಕನಾಲ್ ಎಂದರೆ ನಮ್ಮ ಐದು ಗುಂಟೆ, ಅಂದರೆ ಒಟ್ಟು ಒಂದು ಎಕರೆ ಹದಿನೈದು ಗುಂಟೆ. ಪಕ್ಕದಲ್ಲಿ ಕುಳಿತಿದ್ದ ಅವರ ಮಗಳು ನಮ್ಮಷ್ಟೇ ಸಲೀಸಾಗಿ ಕನ್ನಡ ಮಾತನಾಡುತ್ತಾಳೆ, ಆದರೆ ಆ ಕಾಗದದ ಒಂದಕ್ಷರವೂ ಅವಳಿಗೆ ಓದಲು ಬಾರದು. ತಂದೆ 1996ರಲ್ಲಿ ಜಮ್ಮುವಿನ ಶಿಬಿರದಲ್ಲಿ ತೀರಿಕೊಂಡರಂತೆ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಮಾಡಿಸಿದ್ದೀರಾ ಎಂದು ಕೇಳಿದೆ. ಇಲ್ಲ. ತೋಟದಲ್ಲಿ ಈಗ ಯಾರಿದ್ದಾರೆ ಎಂಬುದೂ ಅವರಿಗೆ ಖಚಿತವಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಇದರ ಫಲ ಏನೆಂದು ಹೇಳಬೇಕಾಗಿಲ್ಲ. ಮಾಲೀಕ ಹತ್ತು ವರ್ಷ ಊರಿಗೆ ಬಾರದಿದ್ದರೆ ಪಕ್ಕದವನ ಬದು ಒಂದೊಂದೇ ಮಾರು ಸರಿಯುತ್ತದೆ, ಪಹಣಿಯ 9ನೇ ಕಾಲಂನಲ್ಲಿ ಸತ್ತವರ ಹೆಸರು ಉಳಿದು 12ನೇ ಕಾಲಂನಲ್ಲಿ ಹೊಸ ಸಾಗುವಳಿದಾರ ಕಾಣಿಸಿಕೊಳ್ಳುತ್ತಾನೆ. ಯುದ್ಧವಿಲ್ಲದ, ಭಯವಿಲ್ಲದ ಕಡೆಯಲ್ಲೇ ಹೀಗಾದರೆ, ಮಾಲೀಕರನ್ನೇ ಬೆದರಿಸಿ, ಕೊಂದು ಓಡಿಸಿದ ಕಡೆ ಮೂರು ದಶಕಗಳಲ್ಲಿ ಗಿರ್ದಾವರಿಯಲ್ಲಿ (ಅಲ್ಲಿನ ಸಾಗುವಳಿ ದಾಖಲೆಯಲ್ಲಿ) ಏನೇನು ಸೇರಿರಬಹುದೆಂದು ಊಹಿಸಬಹುದು.

ಹಾಗೆಂದು ಕಾನೂನೇ ಇಲ್ಲವೆಂದಲ್ಲ. ವಲಸಿಗರ ಸ್ಥಿರಾಸ್ತಿಯ ರಕ್ಷಣೆಗಾಗಿ ಮತ್ತು ಸಂಕಷ್ಟದಲ್ಲಿ ಮಾಡುವ ಮಾರಾಟವನ್ನು ತಡೆಯುವುದಕ್ಕಾಗಿ ಜಮ್ಮು ಮತ್ತು ಕಾಶ್ಮೀರದಲ್ಲಿ 1997ರಲ್ಲಿಯೇ ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ ಅನುಮತಿಯಿಲ್ಲದೆ ಇಂಥ ಆಸ್ತಿಯನ್ನು ಪರಭಾರೆ ಮಾಡುವಂತಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರೇ ಅದರ ಪಾಲಕರು, ಅಕ್ರಮವಾಗಿ ಸೇರಿಕೊಂಡವರನ್ನು ತೆರವುಗೊಳಿಸುವ ಅಧಿಕಾರವೂ ಅವರಿಗಿದೆ. ಆದರೆ ಕಾಯ್ದೆ ಬರುವ ಹೊತ್ತಿಗೆ ಏಳು ವರ್ಷ ಕಳೆದಿತ್ತು. ಡೇರೆಯಲ್ಲಿ ಬದುಕುತ್ತಿದ್ದವರು ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಸಿಕ್ಕಷ್ಟಕ್ಕೆ ಮಾರಿದ್ದರು. ಕಾಯ್ದೆ ಬಂದ ಮೇಲೂ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆಸಿಕೊಂಡು ವ್ಯವಹಾರಗಳು ನಡೆದವು. ಒತ್ತುವರಿಯ ದೂರುಗಳನ್ನು ಆನ್‌ಲೈನ್‌ನಲ್ಲಿ ಸ್ವೀಕರಿಸುವ ಪೋರ್ಟಲ್ ತೆರೆದದ್ದು 2021ರ ಸೆಪ್ಟೆಂಬರಿನಲ್ಲಿ, ಅಂದರೆ ಕಾಯ್ದೆಯಾಗಿ 24 ವರ್ಷಗಳ ನಂತರ. ಪಾಲಕ ಎಂದು ಕಾನೂನು ಹೆಸರಿಸಿದ ಅಧಿಕಾರಿ ತಾನಾಗಿ ಆಸ್ತಿಯನ್ನು ಕಾಯಬೇಕೇ ಹೊರತು, ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಮಾಲೀಕನೇ ಬಂದು ದೂರು ಕೊಡಲಿ ಎಂದು ಕಾಯುತ್ತ ಕೂರುವುದಲ್ಲ.

ಜಾಗದ ಪ್ರಶ್ನೆಯನ್ನು ಬದಿಗಿಟ್ಟು ಸರ್ಕಾರಗಳು ಕೈಹಾಕಿದ್ದು ಫ್ಲಾಟು ಮತ್ತು ನೌಕರಿಗಳಿಗೆ. ಜಮ್ಮುವಿನ ಜಗ್ತಿಯಲ್ಲಿ ಸುಮಾರು ನಾಲ್ಕು ಸಾವಿರ ಫ್ಲಾಟುಗಳ ಕಾಲೊನಿ ಎದ್ದಿತು. ಪಂಡಿತರ ಪುನರ್ವಸತಿಯ ಪ್ರಧಾನಿ ಪ್ಯಾಕೇಜಿನಡಿ 2008ರಲ್ಲಿ ಮತ್ತು 2015ರಲ್ಲಿ ತಲಾ 3,000 ಹುದ್ದೆಗಳನ್ನು ಘೋಷಿಸಿ, ಆಯ್ಕೆಯಾದ ಯುವಕರನ್ನು ಕಣಿವೆಗೆ ಕಳಿಸಲಾಯಿತು. ಇದರಿಂದ ಉಪಕಾರವಾಗಿಲ್ಲ ಎನ್ನಲಾರೆ. ಆದರೆ ಆ ನೌಕರರಲ್ಲಿ ಅನೇಕರು ಇರುವುದು ಬೇಲಿಯೊಳಗಿನ ತಾತ್ಕಾಲಿಕ ವಸತಿಗಳಲ್ಲಿ. ತನ್ನದೇ ಜಿಲ್ಲೆಗೆ ಹೋಗಿ ತನ್ನ ಮನೆಯಲ್ಲಲ್ಲದೆ ಪಹರೆಯೊಳಗೆ ಮಲಗುವುದನ್ನು ಮರಳುವಿಕೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. 2022ರ ಮೇ 12ರಂದು ಬಡ್ಗಾಮ್ ಜಿಲ್ಲೆಯ ಚಾಡೂರದ ತಹಶೀಲ್ದಾರ್ ಕಚೇರಿಯೊಳಗೇ ಉಗ್ರರು ನುಗ್ಗಿ, ಈ ಪ್ಯಾಕೇಜಿನಡಿ ನೇಮಕಗೊಂಡಿದ್ದ ಗುಮಾಸ್ತರೊಬ್ಬರನ್ನು ಗುಂಡಿಕ್ಕಿ ಕೊಂದರು. ಜೀವಮಾನವಿಡೀ ಅಂಥದೇ ಕಚೇರಿಯಲ್ಲಿ, ಅಂಥದೇ ಮೇಜಿನ ಹಿಂದೆ ಕುಳಿತ ನನಗೆ ಆ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಸಹೋದ್ಯೋಗಿಗಳು ತಮ್ಮನ್ನು ಜಮ್ಮುವಿಗೆ ವರ್ಗಾಯಿಸಿ ಎಂದು ತಿಂಗಳುಗಟ್ಟಲೆ ಧರಣಿ ಕುಳಿತದ್ದು ಸಹಜವೇ.

ಭದ್ರತೆ ಮೊದಲು, ಕಡತ ಆಮೇಲೆ ಎಂದು ಕೆಲವರು ವಾದಿಸಬಹುದು. ಎರಡೂ ಒಟ್ಟಿಗೆ ಸಾಗಬಹುದೆಂಬುದಕ್ಕೆ ಬೋಸ್ನಿಯಾದ ಅನುಭವವಿದೆ. ಸುಮಾರು 22 ಲಕ್ಷ ಜನರನ್ನು ಮನೆ ಬಿಡಿಸಿದ ಅಲ್ಲಿನ ಯುದ್ಧ 1995ರ ಡೇಟನ್ ಒಪ್ಪಂದದಿಂದ ನಿಂತಿತು. ಆ ಒಪ್ಪಂದದ ಏಳನೇ ಅನುಬಂಧವು, ನಿರಾಶ್ರಿತರಿಗೆ ತಮ್ಮ ಮೂಲ ಮನೆಗೇ ಮರಳುವ ಹಕ್ಕಿದೆ ಮತ್ತು ಕಳೆದುಕೊಂಡ ಆಸ್ತಿಯನ್ನು ಮರಳಿ ಪಡೆಯುವ ಹಕ್ಕಿದೆ ಎಂದು ಬಿಡಿಸಿ ಹೇಳಿತು. ಮೊದಲ ಕೆಲವು ವರ್ಷ ಅದು ಬರೀ ಕಾಗದವಾಗಿಯೇ ಇತ್ತು. ಯುದ್ಧಕಾಲದಲ್ಲಿ ಮನೆಗಳನ್ನು ‘ತ್ಯಕ್ತ ಆಸ್ತಿ’ ಎಂದು ಹಂಚಿಕೊಟ್ಟಿದ್ದ ಕಾನೂನುಗಳನ್ನು 1998ರಲ್ಲಿ ರದ್ದುಪಡಿಸಿ, 1999ರಿಂದ ಊರೂರಿನ ವಸತಿ ಕಚೇರಿಗಳಲ್ಲಿ ಒಂದೇ ನಿಯಮದಡಿ ಅರ್ಜಿ ವಿಲೇವಾರಿಗೆ ಹಿಡಿದಾಗಲೇ ಗಾಡಿ ಹೊರಟದ್ದು. ಅರ್ಜಿದಾರ ಯಾವ ಜನಾಂಗದವನೆಂದು ನೋಡದೆ, 1992ರ ಮೊದಲು ಅಲ್ಲಿ ಇದ್ದವನೇ ಎಂಬುದನ್ನಷ್ಟೇ ನೋಡಿದರು. ಅಡ್ಡಗಾಲು ಹಾಕಿದ ಅಧಿಕಾರಿಗಳನ್ನು ಹುದ್ದೆಯಿಂದ ಕಿತ್ತುಹಾಕಿದರು. ಸುಮಾರು ಎರಡು ಲಕ್ಷ ಅರ್ಜಿಗಳಲ್ಲಿ ಬಹುಪಾಲು ಐದಾರು ವರ್ಷಗಳಲ್ಲಿ ಇತ್ಯರ್ಥವಾದವು. ಮನೆ ಮರಳಿ ಪಡೆದವರೆಲ್ಲ ಅಲ್ಲಿ ಹೋಗಿ ನೆಲೆಸಲಿಲ್ಲ, ಅನೇಕರು ಮಾರಿದರು ಎಂಬುದೂ ನಿಜ. ಆದರೆ ಈ ಸಲ ಅವರು ಮಾರಿದ್ದು ತಮ್ಮ ಇಚ್ಛೆಯಿಂದ.

ಹಕ್ಕಿನ ಅರ್ಥವೂ ಅದೇ ಎಂದು ನಾನು ತಿಳಿದಿದ್ದೇನೆ. 1998ರಲ್ಲಿ ವಿಶ್ವಸಂಸ್ಥೆ ರೂಪಿಸಿದ ಆಂತರಿಕ ಸ್ಥಳಾಂತರದ ಮಾರ್ಗದರ್ಶಿ ತತ್ವಗಳೂ ಸ್ವಇಚ್ಛೆ, ಸುರಕ್ಷತೆ ಮತ್ತು ಘನತೆಯಿಂದ ಮರಳುವುದನ್ನು ಹೇಳುವ ಜೊತೆಗೇ ಬೇರೆಡೆ ನೆಲೆಸುವ ಆಯ್ಕೆಯನ್ನೂ ಉಳಿಸಿವೆ. ಮೈಸೂರಿನಲ್ಲೋ ಪುಣೆಯಲ್ಲೋ ಬೇರು ಬಿಟ್ಟವರು ಹೋಗಲೇಬೇಕೆಂದು ಯಾರೂ ಒತ್ತಾಯಿಸಬೇಕಾಗಿಲ್ಲ. ಅವರು ಹೋಗುವುದಿಲ್ಲವಲ್ಲ ಎಂದು ತೋಟವನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. ನಮ್ಮ ಸರ್ಕಾರಿ ಕಡತಗಳು ಇಂದಿಗೂ ಇವರನ್ನು ‘ವಲಸಿಗರು’ ಎಂದೇ ಕರೆಯುತ್ತಿವೆ. ಕೂಲಿ ಅರಸಿ ಹೋದವರಿಗೂ ಇದೇ ಪದ, ಕೊಲೆಗೆ ಹೆದರಿ ರಾತ್ರೋರಾತ್ರಿ ಟ್ರಕ್ ಹತ್ತಿದವರಿಗೂ ಇದೇ ಪದ. ಸ್ಥಳಾಂತರಗೊಂಡವರಿಗಾಗಿಯೇ ಒಂದು ರಾಷ್ಟ್ರೀಯ ಕಾನೂನು ನಮ್ಮಲ್ಲಿ ಇಲ್ಲದಿರುವುದರಿಂದ ಈ ಗೊಂದಲ.

ಅಂಥ ಕಾನೂನು ಇದ್ದಿದ್ದರೆ ಮಣಿಪುರಕ್ಕೂ ಒದಗುತ್ತಿತ್ತು. ಅಲ್ಲಿ 2023ರ ಮೇ 3ರಿಂದ ಮನೆ ಬಿಟ್ಟ ಸುಮಾರು 60,000 ಮಂದಿಯಲ್ಲಿ ಮೈತೇಯಿಗಳೂ ಇದ್ದಾರೆ, ಕುಕಿಗಳೂ ಇದ್ದಾರೆ. ಸುಟ್ಟ ಮನೆಗಳ ತಳಪಾಯ ಇನ್ನೂ ಗುರುತು ಸಿಗುವಂತಿರುವಾಗಲೇ, ಎರಡೂ ಕಡೆಯವರ ಸಮ್ಮುಖದಲ್ಲಿ, ಅದು ಸಾಧ್ಯವಾಗದಿದ್ದರೆ ಹೊರರಾಜ್ಯದ ಸರ್ವೇಯರ್‌ಗಳಿಂದ, ಸ್ಥಳ ಮಹಜರು ಮಾಡಿಸಿ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆದು, ಫೋಟೋ ಸಹಿತ ದಾಖಲಿಸಬೇಕು. ಕಾಶ್ಮೀರದಲ್ಲಿ ಏಳು ವರ್ಷ ಕಾದ ತಪ್ಪು ಇಲ್ಲಿ ಮರುಕಳಿಸಬಾರದು.

ನಮ್ಮ ನೆರೆಯವರು ಬರುವ ತಿಂಗಳು ಅನಂತನಾಗ್‌ಗೆ ಹೊರಟಿದ್ದಾರೆ. ಪಟವಾರಿಯ, ಅಂದರೆ ಅಲ್ಲಿನ ಗ್ರಾಮಲೆಕ್ಕಿಗನ, ಬಳಿ ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿಯಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ: ಗಿರ್ದಾವರಿಯಲ್ಲಿ ಈಗ ಯಾರ ಹೆಸರಿದೆ, ಯಾವ ಆದೇಶದ ಮೇಲೆ ಬಂತು, ಪೌತಿ ಖಾತೆಗೆ ಯಾವ ಯಾವ ದಾಖಲೆ ಬೇಕು. ಮಗಳೂ ಜೊತೆಗೆ ಹೋಗುತ್ತಿದ್ದಾಳೆ. ಅವಳು ಆ ತೋಟವನ್ನು ಇದುವರೆಗೆ ಕಂಡಿಲ್ಲ.

ಇತಿ,
ನಿವೃತ್ತ ಕಂದಾಯ ನೌಕರ, ಮೈಸೂರು