ಚೀಟಿಯಲ್ಲಿದ್ದ ಮಾತು

ತಂಗೀ,

ನಿನ್ನ ಲಕೋಟೆ ತಲುಪಿತು. ನೌಕರಿ ಬಿಟ್ಟದ್ದರ ಮೇಲೆ ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. ಅದಕ್ಕೆ ಪಿನ್ನು ಹಚ್ಚಿದ್ದ ಚೀಟಿಯನ್ನು ನಾಲ್ಕು ಸಲ ಓದಿದೆ.

ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತ ಕೇಳಿದ್ದೀ. ಅದನ್ನು ಯಾರಾದರೂ ಹೇಳುತ್ತಾರೆ, ಬಿಡು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ.

ಪ್ರಬಂಧದಲ್ಲಿ ‘ಮಗಳ ನಗುವಿನ ಮುಂದೆ ನೌಕರಿ ಯಾವ ಲೆಕ್ಕ, ಖುಷಿಯಿಂದ ಬಿಟ್ಟೆ’ ಅಂತಿದೆ. ಚೀಟಿಯಲ್ಲಿ ಬೇರೆಯೇ ಇದೆ. ಹೆರಿಗೆ ರಜೆ ಮುಗಿದ ಮೊದಲ ವಾರ. ಹುಬ್ಬಳ್ಳಿಯಿಂದ ಸಂಜೆಯ ಚಿಗರಿ ಬಸ್ಸು. ನವನಗರ ದಾಟುವಾಗ ಎದೆಹಾಲು ಸೋರಿ ಕುರ್ತಾ ನೆನೆಯಿತು. ನೀನು ಆಫೀಸಿನ ಫೈಲನ್ನು ಎದೆಗೆ ಅವುಚಿಕೊಂಡು ಧಾರವಾಡದ ತನಕ ನಿಂತೇ ಬಂದೆ. ಇಳಿದು ನೋಡಿದರೆ ಫೈಲಿನ ರಟ್ಟೂ ಒದ್ದೆ. ಇಷ್ಟು ಬರೆಯಬಲ್ಲವಳು ಆ ನಗುವಿನ ಸಾಲು ಯಾಕೆ ಬರೆದೆ?

ಆಫೀಸಿನಲ್ಲಿ 80 ಜನ ಇದ್ದರು ಅಂತೀ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಜನರಿಗಿಂತ ಕಡಿಮೆ ಇಲ್ಲದ ಕಡೆ ಕೂಸುಗಳನ್ನು ನೋಡಿಕೊಳ್ಳುವ ಜಾಗ ಇರಲೇಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಬರಬಹುದು. ನಿನಗೆ ಸಿಕ್ಕಿದ್ದು ರಜೆ ಮಾತ್ರ. ಕೂಸಿನ ಜಾಗ ಕೇಳಿದ್ದಕ್ಕೆ ಮೇಲಿನವರು ನಕ್ಕರಂತೆ. ಆ ನಗು ಪ್ರಬಂಧದಲ್ಲಿ ಬರಬೇಕಿತ್ತು, ಅಲ್ವಾ?

ನಾನೂ ಇದೇ ತಪ್ಪು ಮಾಡಿದವಳು. ಮಗ ಹುಟ್ಟಿದ ಮೇಲೆ ಮಾಸ್ತರಿಕೆ ಬಿಟ್ಟು, ಅದರ ಮೇಲೆ ಒಂದು ಕತೆ ಬರೆದೆ. ‘ಸಂಬಳದ ಮಾತು ತೆಗೀರಿ, ತಾಯಿ ಮನಸ್ಸಷ್ಟೇ ಇರಲಿ’ ಅಂದರು ಸಂಪಾದಕರು. ತೆಗೆದೆ. ಜನ ತುಂಬಾ ಹೊಗಳಿದರು. ನಮ್ಮವ್ವ ಓದಿಸಿ ಕೇಳಿ, ‘ನೌಕರಿ ಬಿಟ್ಟ ದಿನ ಬಚ್ಚಲದಾಗ ಕುಂತು ಅತ್ತಿದ್ದೆಲ್ಲಾ, ಅದು ಇದ್ರಾಗ ಎಲ್ಲೈತಿ?’ ಅಂದಳು.

ಅವ್ವ ದುಡ್ಡಿಗೆ ಕಸೂತಿ ಹಾಕುತ್ತಿದ್ದವಳು. ಕಸೂತಿಯ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ. ಎಳೆ ಎಣಿಸಿ ಸೂಜಿ ಮುಂದೆ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬುತ್ತದೆ. ಎರಡೂ ಮಗ್ಗಲು ಒಂದೇ ಥರ ಕಾಣಬೇಕು. ಯಾರ ಕಸೂತಿ ಕೊಟ್ಟರೂ ಅವ್ವ ಮೊದಲು ಸೆರಗು ತಿರುವಿ ನೋಡುತ್ತಿದ್ದಳು. ನನ್ನ ಕತೆಯನ್ನೂ ಹಾಗೇ ತಿರುವಿ ನೋಡಿದಳು. ಆ ಸಂಬಳದ ಪುಟ ನನ್ನ ಹತ್ತಿರ ಉಳಿದಿಲ್ಲ. ಮತ್ತೆ ಬರೆಯಲು ಕೂತರೆ ಆಗಿನ ಸಿಟ್ಟು ಕೈಗೆ ಬರುವುದಿಲ್ಲ. ಅದಕ್ಕೇ ನಿನಗೆ ಇಷ್ಟು ಗದರುತ್ತಿದ್ದೇನೆ.

‘ನಾಲ್ಕು ವರ್ಷ ದಂಡವಾದವು, ಇನ್ನಾದರೂ ಅರ್ಥ ಇರುವ ಕೆಲಸ ಬೇಕು’ ಅಂತ ಬರೆದಿದ್ದೀ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಕೂಸನ್ನು ಸಾಕಿದ್ದು ದಂಡ ಅಂತ ನಿನಗೆ ಯಾರು ಹೇಳಿಕೊಟ್ಟರು? ಗದಗಿನ ಪ್ರೆಸ್ಸಿನವರು ಕರಡು ತಿದ್ದುವ ಕೆಲಸ ಕೊಡುತ್ತೇನೆ ಅಂದರೆ ಹಿಡಿ. ಅದು ಸಣ್ಣ ಕೆಲಸ ಅಲ್ಲ. ಇನ್ನೊಬ್ಬರ ಸಾಲುಗಳನ್ನು ಅಕ್ಷರ ಅಕ್ಷರವಾಗಿ ನೋಡುತ್ತಾ ಹೋದರೆ ಸುಳ್ಳು ಸಾಲು ತಾನೇ ಕಣ್ಣಿಗೆ ಬೀಳುತ್ತದೆ. ಆದರೆ ಪುಟಕ್ಕೆ ಎಷ್ಟು ಅಂತ ಮೊದಲೇ ಕೇಳು. ಸಂಕೋಚ ಮಾಡಬೇಡ. ‘ಮನೆಯಲ್ಲೇ ಇರುತ್ತೀರಲ್ಲ’ ಅಂತ ಕಡಿಮೆ ಮಾಡಲು ನೋಡುತ್ತಾರೆ.

ಪ್ರಬಂಧ ವಾಪಸ್ ಕಳಿಸುತ್ತಿದ್ದೇನೆ. ಚೀಟಿ ನನ್ನ ಹತ್ತಿರ ಇರಲಿ. ಅದರಲ್ಲಿ ಒಂದು ಮಾತು ಬರೆಯದೇ ಉಳಿದಿದೆ. ಆ ಸಂಜೆ ಒದ್ದೆ ಫೈಲು ಹಿಡಿದು ಮನೆಯ ಬಾಗಿಲು ತೆರೆದಾಗ ಯಾರು ಏನು ಅಂದರು? ಮಗಳು ಮಲಗಿದಾಗ ಬರೆದು ಕಳಿಸು. ಅರ್ಧ ಪುಟವಾದರೂ ಸರಿ.

ನಿನ್ನ ಅಕ್ಕ,
ಧಾರವಾಡ