ಎಲ್ಲಿ ಕಿವಿಗೊಡಬೇಕೆಂದು ಹೇಳು

ಪ್ರಿಯ ಗೆಳೆಯಾ,

ತಿಂಗಳಿಗೊಂದು ಸಂಜೆ ನಿಮ್ಮ ಮನೆಯಲ್ಲಿ ಕೂಡಿ ಕುಳಿತು ಸಂಗೀತ ಕೇಳುವ ಯೋಚನೆಯನ್ನು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೈಸೂರಿನಲ್ಲಿ ಇದ್ದಿದ್ದರೆ ಮೊದಲ ಸಂಜೆಯೇ ಬಂದು ಕೂರುತ್ತಿದ್ದೆ. ಧಾರವಾಡದಿಂದ ಪತ್ರವನ್ನಾದರೂ ಕಳಿಸುತ್ತಿದ್ದೇನೆ.

ಬರುವವರ ಬಗ್ಗೆ ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಕರ್ನಾಟಕ ಸಂಗೀತದ ಹೊರಗೆ ಹೆಜ್ಜೆಯಿಡದ ಹಿರಿಯರು, ಹಳೆಯ ಚಿತ್ರಗೀತೆಗಳೆಂದರೆ ಪ್ರಾಣ ಬಿಡುವ ದಂಪತಿ, ಯಕ್ಷಗಾನದ ಹುಚ್ಚಿರುವ ನಿನ್ನ ಬ್ಯಾಂಕಿನ ಸಹೋದ್ಯೋಗಿ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುವ ಮೇಲಿನ ಮನೆಯ ಹುಡುಗ. ‘ಇವರೆಲ್ಲರಿಗೂ ಒಪ್ಪುವಂಥದ್ದು ಏನು ಹಾಕಲಿ?’ ಎಂದು ಕೇಳಿದ್ದೀಯೆ. ಎಲ್ಲರಿಗೂ ಒಪ್ಪುವಂಥದ್ದನ್ನು ಹುಡುಕಲೇಬೇಡ. ಹಾಗೆ ಹುಡುಕುತ್ತ ಹೋದರೆ ಕೊನೆಗೆ ಕೈಗೆ ಸಿಗುವುದು ಮದುವೆ ಊಟದ ಪಂಕ್ತಿಗೆ ಹಾಕುವ ವಾದ್ಯಸಂಗೀತದಂಥದ್ದು. ಅದರಿಂದ ಯಾರಿಗೂ ಕಿರಿಕಿರಿಯಿಲ್ಲ, ಆದರೆ ಯಾರ ಕಿವಿಯೂ ಅದರ ಕಡೆಗಿರುವುದಿಲ್ಲ. ಪ್ರತಿಯೊಬ್ಬರೂ ತಮಗೆ ತೀರಾ ಪ್ರಿಯವಾದ ಒಂದೇ ಒಂದನ್ನು ತರಲಿ. ಹಾಕುವ ಮೊದಲು ಅದರಲ್ಲಿ ಎಲ್ಲಿ ಕಿವಿಗೊಡಬೇಕು ಎಂಬುದನ್ನು ಮಾತ್ರ ಹೇಳಲಿ. ಇತಿಹಾಸ, ಘರಾಣೆ ಎಂಬ ಗುರುಪರಂಪರೆ, ಪ್ರಶಸ್ತಿಗಳೆಲ್ಲ ಆಮೇಲೆ, ಕಾಫಿಯ ಹೊತ್ತಿಗೆ.

ಪರಿಚಯವಿಲ್ಲದ ಸಂಗೀತದೊಳಗೆ ನಾವು ಹೋಗುವುದು ಯಾರೋ ಬೆರಳು ತೋರಿಸಿದ ಒಂದು ಜಾಗದಿಂದ ಎಂಬುದು ನನ್ನ ದೃಢವಾದ ನಂಬಿಕೆ. ನಾವು ಕ್ಯಾಸೆಟ್ಟುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದಾಗ ಇದು ತಾನಾಗಿಯೇ ನಡೆಯುತ್ತಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು 45 ನಿಮಿಷ. ಅಷ್ಟರೊಳಗೆ ಏನನ್ನು ತುಂಬಬೇಕು, ಏನನ್ನು ಬಿಡಬೇಕು ಎಂದು ಯೋಚಿಸಲೇಬೇಕಿತ್ತು. ಜೊತೆಗಿನ ಚೀಟಿಯಲ್ಲಿ ನೀನು ‘ಎರಡನೆಯ ಬದಿ, ದ್ರುತ್ ಶುರುವಾಗುವ ಜಾಗ ಕೇಳು’ ಎಂದು ಬರೆಯುತ್ತಿದ್ದೆ. ಹಾಡು ವೇಗದ ಗತಿ ಹಿಡಿಯುವ ಆ ಜಾಗ ಬರುವವರೆಗೆ ನಾನು ಕಾಯುತ್ತ ಕೇಳುತ್ತಿದ್ದೆ. ಆ ಕಾಯುವಿಕೆಯೇ ನನಗೆ ಹಿಂದೂಸ್ತಾನಿ ಕೇಳಲು ಕಲಿಸಿತು. ಈಗ ಮೊಬೈಲಿಗೆ ದಿನಕ್ಕೆ ಎಷ್ಟೋ ಹಾಡುಗಳ ಕೊಂಡಿಗಳು ಬರುತ್ತವೆ. ಯಾರೂ ಎಲ್ಲಿ ಕೇಳಬೇಕೆಂದು ಬರೆಯುವುದಿಲ್ಲ. ಹೀಗಾಗಿ ಅವು ಬಂದಲ್ಲೇ ಉಳಿದುಬಿಡುತ್ತವೆ.

ಮೊದಲ ಸಂಜೆಗೆ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರಿಂದ ಆರಂಭಿಸು. ನಿಮ್ಮ ಹಿರಿಯರಿಗೂ ಮೇಲಿನ ಮನೆಯ ಹುಡುಗನಿಗೂ ನಡುವೆ ಸೇತುವೆ ಕಟ್ಟಬಲ್ಲವರು ಅವರೇ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಹುಡುಗನಾಗಿದ್ದಾಗ ನಿಮ್ಮೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ದನಿ ಕೇಳಿ, ನುಡಿಸಿದರೆ ಇದನ್ನೇ ನುಡಿಸಬೇಕು ಎಂದು ನಿಶ್ಚಯಿಸಿದರು. ಕರ್ನಾಟಕ ಸಂಗೀತಕ್ಕೆ ಆ ವಾದ್ಯ ಸುಲಭವಾಗಿ ಒಗ್ಗುವಂಥದ್ದಲ್ಲ. ಕೀಲಿ ಒತ್ತಿದರೆ ಸ್ವರ ಇದ್ದಲ್ಲೇ ನಿಲ್ಲುತ್ತದೆ, ನಮಗೆ ಬೇಕಾದದ್ದೋ ಒಂದು ಸ್ವರದಿಂದ ಇನ್ನೊಂದಕ್ಕೆ ತೂಗುತ್ತ ಜಾರುವ ಗಮಕ. ಅವರು ವಾದ್ಯದಲ್ಲೇ ಕೆಲವು ಮಾರ್ಪಾಡು ಮಾಡಿಕೊಂಡರು, ಉಳಿದದ್ದನ್ನು ತುಟಿ ಮತ್ತು ಉಸಿರಿನಿಂದ ಸಾಧಿಸಿದರು. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಕರ್ನಾಟಕ ಸಂಗೀತದ ಕಲಾವಿದರೊಬ್ಬರು ಆ ಉತ್ಸವದಲ್ಲಿ ನುಡಿಸಿದ್ದು ಅದೇ ಮೊದಲು.

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ತಿರುವು ಇರುವುದು ಅಮೆರಿಕದಲ್ಲಿ. ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ಕಲಾವಿದರಿದ್ದಾರೆ. ಕರ್ನಾಟಕ ಮೂಲದ ತಂದೆತಾಯಿಗಳ ಮಗ, ಬೆಳೆದದ್ದು ಕೊಲೊರಾಡೊದಲ್ಲಿ, ಮನಸೋತದ್ದು ಚಾರ್ಲಿ ಪಾರ್ಕರ್‌ನ ಸ್ಯಾಕ್ಸೋಫೋನಿಗೆ. ಅವರು ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಕೈಗಿತ್ತರಂತೆ: ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ಕದ್ರಿ ಗೋಪಾಲನಾಥ್. ತಮ್ಮನಿಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ತಾನು ದಿನವೂ ಊದುವ ಅದೇ ಆಲ್ಟೊ ಸ್ಯಾಕ್ಸೋಫೋನಿನಲ್ಲಿ ತನ್ನ ಹಿರಿಯರ ನಾಡಿನ ರಾಗಗಳು ಹೊರಡುತ್ತಿದ್ದವು. ವರ್ಷಗಳ ನಂತರ ಅವರು ಕದ್ರಿಯವರನ್ನು ಹುಡುಕಿಕೊಂಡು ಬಂದು ಜೊತೆಗೆ ಕುಳಿತು ಸಂಗೀತ ಕಟ್ಟಿದರು. 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಂ ಹೊರಬಂತು. ಅದರಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲಿದೆ, ಪೂವಲೂರು ಶ್ರೀಜಿಯವರ ಮೃದಂಗವಿದೆ, ಪಕ್ಕದಲ್ಲೇ ಜಾಝ್‌ನ ಡ್ರಮ್ಸ್, ಗಿಟಾರ್, ಬಾಸ್ ಇವೆ.

ಇದನ್ನು ಹಾಕುವ ಮೊದಲು ಇಷ್ಟೇ ಹೇಳು: ‘ಇಬ್ಬರ ಕೈಯಲ್ಲೂ ಒಂದೇ ವಾದ್ಯ ಇದೆ, ಯಾರು ಯಾವಾಗ ನುಡಿಸುತ್ತಿದ್ದಾರೆ ಹೇಳಿ.’ ಒಬ್ಬರು ಸ್ವರವನ್ನು ಬಿಡದೆ ಎಳೆದು ತೂಗುತ್ತಾರೆ. ಇನ್ನೊಬ್ಬರು ಅದೇ ಸ್ವರಗಳನ್ನು ಚೂರು ಚೂರಾಗಿ ಒಡೆದು, ಅನಿರೀಕ್ಷಿತ ಕೋನಗಳಲ್ಲಿ ಎಸೆಯುತ್ತಾರೆ. ನಿಮ್ಮ ಹಿರಿಯರು ಕದ್ರಿಯವರ ಗಮಕವನ್ನು ಎರಡು ಕ್ಷಣದಲ್ಲಿ ಗುರುತಿಸುತ್ತಾರೆ. ಹಾಗೆ ಗುರುತಿಸುವಷ್ಟರಲ್ಲಿ ಅವರು ಜಾಝ್ ಕೇಳಿಯೂ ಆಗಿರುತ್ತದೆ.

ಮೈಸೂರಿನಲ್ಲಿದ್ದುಕೊಂಡು ಸಂಗೀತ ಹಂಚಿಕೊಳ್ಳುವಾಗ ಜಯಚಾಮರಾಜೇಂದ್ರ ಒಡೆಯರನ್ನು ನೆನೆಯದಿರಲು ಹೇಗೆ ಸಾಧ್ಯ? ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರ ಎಂದು ನಿಮ್ಮ ಹಿರಿಯರು ಅವರನ್ನು ಬಲ್ಲರು. ಅದೇ ಮನುಷ್ಯ ಪಿಯಾನೋ ಕಲಾವಿದನಾಗಬೇಕೆಂದು ಕನಸು ಕಂಡವರು. ಲಂಡನ್ನಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದ ರಷ್ಯಾದ ಸಂಯೋಜಕ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದವರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಆತ ತೀರಿಕೊಂಡದ್ದು 1951ರಲ್ಲಿ. ಮೈಸೂರಿನಿಂದ ಆ ನೆರವು ಹೋಗದಿದ್ದರೆ ಅವನ ಕೈಬೆರಳುಗಳ ಆ ನಾದ ನಮ್ಮವರೆಗೆ ಬರುತ್ತಿತ್ತೇ ಎಂದು ಆಗಾಗ ಯೋಚಿಸುತ್ತೇನೆ. ಒಬ್ಬ ರಸಿಕ ತಾನು ಮೆಚ್ಚಿದ ಸಂಗೀತಕ್ಕಾಗಿ ಮಾಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಹೊಳೆಯುತ್ತಿಲ್ಲ.

ಇನ್ನೊಂದು ಸಂಗತಿ. ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರಾಸ್ ತನ್ನ 84ನೆಯ ವಯಸ್ಸಿನಲ್ಲಿ, ಸಾಯುವ ಹಿಂದಿನ ವರ್ಷ, ಹೆಣ್ಣುದನಿ ಮತ್ತು ಆರ್ಕೆಸ್ಟ್ರಾಗಾಗಿ ಬರೆದ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಆ ಕಛೇರಿಗೆ ಹಣದ ಭರವಸೆ ನೀಡಿದವರು ನಮ್ಮ ಒಡೆಯರು. ಅವರು ಅಲ್ಲಿಗೆ ಹೋಗಲಾಗಲಿಲ್ಲ, ಅದರ ಧ್ವನಿಮುದ್ರಣ ಮೈಸೂರಿಗೆ ಬಂತು. ಕಛೇರಿ ನಡೆದದ್ದು ಎಲ್ಲಿ ಗೊತ್ತೇ? ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಿಂದ ಸ್ಯಾಕ್ಸೋಫೋನಿನ ಗೀಳು ಹಚ್ಚಿಕೊಂಡ ಕರಾವಳಿಯ ಹುಡುಗ 44 ವರ್ಷಗಳ ನಂತರ ರಾಗ ನುಡಿಸಿದ್ದು ಅದೇ ಸಭಾಂಗಣದಲ್ಲಿ. ಎರಡನ್ನೂ ಒಂದೇ ಸಂಜೆ ಹಾಕು ಎಂದು ನಾನು ಹಟ ಹಿಡಿಯುತ್ತಿರುವುದು ಇದಕ್ಕೇ.

ಸ್ಟ್ರಾಸ್‌ನ ಹಾಡುಗಳಿಗೆ ಭಾಷೆ ತಿಳಿಯಬೇಕಿಲ್ಲ. ನಿದ್ದೆಗೆ ಜಾರುವುದನ್ನು ಕುರಿತ ಹಾಡಿನ ನಡುವೆ ಗಾಯಕಿ ಸುಮ್ಮನಾಗಿ ಒಂಟಿ ಪಿಟೀಲು ಏರುತ್ತ ಹೋಗುತ್ತದಲ್ಲ, ಆ ಜಾಗವನ್ನು ತೋರಿಸು. ಆಮೇಲೆ ಅದೇ ರಾಗದೆಳೆಯನ್ನು ಗಾಯಕಿ ಕೈಗೆತ್ತಿಕೊಳ್ಳುತ್ತಾಳೆ. ಮುಸ್ಸಂಜೆಯನ್ನು ಕುರಿತ ಹಾಡಿನ ಕೊನೆಯಲ್ಲಿ, ‘ಇದೇ ಸಾವಿರಬಹುದೇ?’ ಎಂದು ಕೇಳಿ ದನಿ ನಿಂತ ಮೇಲೆ ಹಾರ್ನ್ ವಾದ್ಯದಲ್ಲಿ ಒಂದು ಚಿಕ್ಕ ಸ್ವರಪುಂಜ ಬರುತ್ತದೆ. ಸ್ಟ್ರಾಸ್ ತನ್ನ ಇಪ್ಪತ್ತರ ಹರೆಯದಲ್ಲಿ ಸಾವಿನ ಬಗ್ಗೆಯೇ ಬರೆದಿದ್ದ ಕೃತಿಯ ಎಳೆ ಅದು. ಆಮೇಲೆ ಎರಡು ಬಾನಾಡಿಗಳ ಉಲಿಯಂತೆ ಕೊಳಲುಗಳು ಮಿಡಿಯುತ್ತವೆ. ನಿಧಾನವಾಗಿ ಕೇಳುವುದು ನಿಮ್ಮ ಹಿರಿಯರಿಗೆ ವಿಳಂಬ ಕಾಲದ ಕೃತಿಗಳಿಂದಲೇ ಗೊತ್ತು. ಇಲ್ಲಿ ಅವರಿಗೆ ಯಾವ ಕಷ್ಟವೂ ಆಗದು.

ಮೇಲಿನ ಮನೆಯ ಹುಡುಗನ ಬಗ್ಗೆ ನೀನು ಸ್ವಲ್ಪ ಅಂಜಿಕೊಂಡೇ ಬರೆದಂತಿದೆ. ಅಂಜಬೇಡ. ಮೆಟಲ್‌ನ ಬೇರು ಆಫ್ರಿಕನ್ ಅಮೆರಿಕನ್ನರ ಹಾಡಾದ ಬ್ಲೂಸ್‌ನಲ್ಲಿದೆ, ಮೆಟಲ್‌ನ ಮೊದಲಿಗರಾದ ಬ್ಲ್ಯಾಕ್ ಸಬ್ಬಾತ್ ತಂಡವೂ ಬ್ಲೂಸ್ ನುಡಿಸುತ್ತಲೇ ಶುರುವಾದದ್ದು. ಅದೇ ಬ್ಲೂಸ್‌ಗೆ ಹತ್ತಿರದ ನಾದವಿರುವ ಗಿಟಾರ್ ವಾದಕ ಅಲಿ ಫಾರ್ಕಾ ಟೂರೆಯನ್ನು ಅವನಿಗೆ ಕೇಳಿಸು. ಪಶ್ಚಿಮ ಆಫ್ರಿಕಾದ ಮಾಲಿಯವರು, ನೈಜರ್ ನದಿಯ ದಂಡೆಯ ನಿಯಾಫುಂಕೆ ಎಂಬ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಗಿಟಾರ್ ಹಿಡಿಯುವ ಮೊದಲು ಅವರು ಕಲಿತದ್ದು ಗುರ್ಕೆಲ್ ಎಂಬ ಒಂದೇ ತಂತಿಯ ವಾದ್ಯ. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆ ಮಾಡಿದ, 1994ರಲ್ಲಿ ಬಂದ ‘ಟಾಕಿಂಗ್ ಟಿಂಬಕ್ಟು’ ಆಲ್ಬಂ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ನಾನು ಅದನ್ನು ಕೇಳಿದಾಗಲೆಲ್ಲ ನಮ್ಮ ಸೀಮೆಯ ಹಳ್ಳಿಗಳ ಭಜನೆಯ ರಾತ್ರಿಗಳು ನೆನಪಾಗುತ್ತವೆ. ಏಕತಾರಿ, ದಮ್ಮಡಿ, ತಾಳ, ಶರೀಫರ ತತ್ವಪದ. ಅಲ್ಲಿಯೂ ತಂತಿ ಒಂದೇ ನೆಲೆಯನ್ನು ಬಿಡದೆ ಮೀಟುತ್ತದೆ, ಹಾಡು ಅದರ ಸುತ್ತ ತಿರುಗುತ್ತದೆ, ತಿರುಗಿದಷ್ಟೂ ಒಳಗಿಳಿಯುತ್ತದೆ. ಒಂದಕ್ಕೊಂದು ಕೊಟ್ಟು ತೆಗೆದುಕೊಂಡ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ, ನನ್ನ ಕಿವಿಗೆ ಎರಡೂ ನೆರೆಹೊರೆಯ ಸಂಗೀತ ಅಷ್ಟೇ. ಹುಡುಗನಿಗೆ ಗಿಟಾರಿನ ಕೆಳಗಿನ ತಂತಿಯನ್ನೇ ಹಿಂಬಾಲಿಸಲು ಹೇಳು. ಮರುಗಳಿಗೆಯೇ ಒಂದು ತತ್ವಪದ ಹಾಕು.

ಯಕ್ಷಗಾನದವರಿಗೆ ನೀನೇನೂ ಸೂಚಿಸಬೇಕಿಲ್ಲ. ಅವರು ಕಾಳಿಂಗ ನಾವಡರ ಪದ್ಯ ತಂದೇ ತರುತ್ತಾರೆ. ಬಡಗುತಿಟ್ಟಿನ ಭಾಗವತಿಕೆಗೆ ಹಿಂದೂಸ್ತಾನಿಯ ಸೊಗಸನ್ನು ತಂದು, 1990ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ಕಂಠ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ದಾಟಿ ಉಳಿದುಕೊಂಡಿದೆ. ಪದ್ಯ ಮುಗಿಯುತ್ತಿದ್ದಂತೆ ಚೆಂಡೆ ನುಗ್ಗುವ ಜಾಗದಲ್ಲಿ ಮೆಟಲ್ ಹುಡುಗನ ಮುಖವನ್ನು ನೋಡು. ಚಿತ್ರಗೀತೆಯ ದಂಪತಿಗೆ 1966ರ ‘ಸಂಧ್ಯಾರಾಗ’ ತರಲು ಹೇಳು. ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಇಬ್ಬರೂ ಹಾಡಿರುವ ಕನ್ನಡ ಚಿತ್ರವದು. ಸಂಗೀತಗಾರರೇ ಕಟ್ಟದ ಬೇಲಿಗಳನ್ನು ನಾವು ಕೇಳುಗರು ಕಟ್ಟಿಕೊಂಡು ಕುಳಿತಿದ್ದೇವೆ ಎಂದು ನನಗೆ ಅನ್ನಿಸುವುದು ಇಂಥದ್ದನ್ನು ಕೇಳಿದಾಗ.

ನಿನ್ನ ಸರದಿಗೆ ನೀನು ಮಲ್ಲಿಕಾರ್ಜುನ ಮನಸೂರರನ್ನೇ ಹಾಕುತ್ತೀಯೆ, ನನಗೆ ಗೊತ್ತು. ಒಂದೇ ಕೋರಿಕೆ: ಮೊದಲಿಗೇ ಅಪರೂಪದ ಜೋಡುರಾಗವನ್ನು ಹಾಕಬೇಡ. ಜೈಪುರ ಘರಾಣೆಯಲ್ಲಿ ಒಂದು ರಾಗದೊಳಗೆ ಇನ್ನೊಂದನ್ನು ನೇಯ್ದಿರುತ್ತಾರೆ, ಹೊಸಬರಿಗೆ ಎಳೆ ಸಿಗುವುದಿಲ್ಲ. ಮೊದಲು ಅವರು ಹಾಡಿದ ಒಂದು ವಚನ ಹಾಕು. ಮಾತು ಗೊತ್ತಿರುವುದರಿಂದ ಕಿವಿಗೆ ಹಿಡಿತವಿರುತ್ತದೆ. ಒಂದೇ ಸಾಲನ್ನು ಅವರು ತಿರುತಿರುಗಿ ಹಾಡುವಾಗ ಪ್ರತಿ ಬಾರಿಯೂ ಯಾವ ಪದದ ಮೇಲೆ ಭಾರ ಬೀಳುತ್ತದೆ ಎಂದು ಗಮನಿಸಲು ಹೇಳು. ಅದಾದ ಮೇಲೆ ರಾಗಕ್ಕೆ ಹೋಗು. ದೀರ್ಘ ಆಲಾಪದ ಪೀಠಿಕೆಯಿಲ್ಲದೆ ನೇರವಾಗಿ ಬಂದಿಶ್‌ಗೆ, ಅಂದರೆ ಸಾಹಿತ್ಯವಿರುವ ಹಾಡಿಗೆ ಇಳಿದು, ವೇಗದ ಸ್ವರಸರಣಿಯಾದ ತಾನ್‌ನ ಸುರುಳಿಯನ್ನು ಬಿಚ್ಚುತ್ತ ಬಿಚ್ಚುತ್ತ, ಇನ್ನು ಉಸಿರಿಲ್ಲ ಎಂದು ನಮಗೆ ಅನ್ನಿಸುವಾಗ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ಸೇರುತ್ತಾರಲ್ಲ, ಆ ಜಾಗ ಸಾಕು. ಹೇಗೆ ಲೆಕ್ಕ ಹಾಕಿದರು ಎಂದು ಯಾರಾದರೂ ಕೇಳಿದರೆ ತಬಲಾದ ಠೇಕಾವನ್ನು, ಅಂದರೆ ತಾಳದ ಪೆಟ್ಟುಗಳನ್ನು ಬೆರಳಲ್ಲಿ ಎಣಿಸಿ ತೋರಿಸು, ಮತ್ತೊಮ್ಮೆ ಹಾಕು. ಒಮ್ಮೆ ಕೇಳಿದ್ದನ್ನು ಅಲ್ಲೇ ಇನ್ನೊಮ್ಮೆ ಕೇಳುವುದನ್ನು ನಿಮ್ಮ ಕೂಟದ ನಿಯಮವನ್ನಾಗಿ ಮಾಡಿಕೊಳ್ಳಿ. ಅದಕ್ಕಾಗಿ ಒಂದು ಸಂಜೆಗೆ ಮೂರು ನಾಲ್ಕಕ್ಕಿಂತ ಹೆಚ್ಚು ಹಾಕದಿದ್ದರೂ ಸರಿ.

ಯಾರಿಗಾದರೂ ಹಿಡಿಸದಿದ್ದರೆ ಒತ್ತಾಯಿಸಬೇಡ. ವಾದಕ್ಕೂ ಇಳಿಯಬೇಡ. ‘ಎಲ್ಲಿಂದ ಬೇಸರವಾಯಿತು?’ ಎಂದು ಮಾತ್ರ ಕೇಳು. ಬೇಸರವಾದ ಜಾಗವನ್ನು ಖಚಿತವಾಗಿ ತೋರಿಸಬಲ್ಲವರು ಗಮನವಿಟ್ಟು ಕೇಳಿದವರೇ ಆಗಿರುತ್ತಾರೆ, ಅವರಿಂದ ನೀನೂ ಒಂದಷ್ಟು ತಿಳಿದುಕೊಳ್ಳುತ್ತೀಯೆ.

ಈಗ ನನ್ನ ಪಾಲಿನದು. ಮೇಲಿನ ಮನೆಯ ಹುಡುಗ ತನಗೆ ಅತ್ಯಂತ ಪ್ರಿಯವಾದ ಒಂದು ಮೆಟಲ್ ಹಾಡನ್ನು ಆರಿಸಲಿ. ಅದರಲ್ಲಿ ನಾನು ಎಲ್ಲಿ ಕಿವಿಗೊಡಬೇಕು, ಯಾವ ನಿಮಿಷದಲ್ಲಿ ಏನಾಗುತ್ತದೆ ಎಂಬುದನ್ನು ಅವನ ಕೈಯಿಂದಲೇ ಬರೆಸಿ ಕಳಿಸು. ಮುಂದಿನ ಪತ್ರದಲ್ಲಿ ಅವನಿಗೇ ಉತ್ತರ ಬರೆಯುತ್ತೇನೆ.

ಮನೆಯವರಿಗೆಲ್ಲ ನನ್ನ ನೆನಪುಗಳನ್ನು ತಿಳಿಸು.

ಇಂತಿ ನಿನ್ನ,
ಧಾರವಾಡದ ಗೆಳೆಯ