ಕ್ಷಮಿಸಿ ಅನ್ನುವ ಮೊದಲು ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ದುಡ್ಡಿನ ಜಗಳ ಎದ್ದಾಗಲೆಲ್ಲ ಒಂದೇ ಮಾತು ಕೇಳಿಬರುತ್ತದೆ. 'ಅವರೂ ಸಹೋದರರೇ ಅಲ್ವಾ, ಕ್ಷಮಿಸಿಬಿಡಿ. ಆದಿ ಸಭೆಯವರು ಹಾಗೇ ಇದ್ದರು.' ಇಲ್ಲ, ಆದಿ ಸಭೆಯವರು, ಅಂದರೆ ಮೊದಲ ಕಾಲದ ಕ್ರೈಸ್ತರು, ಹಾಗಿರಲಿಲ್ಲ. ಅದನ್ನು ಹೇಳೋದಕ್ಕೇ ಈ ಪತ್ರ.

ನಾನು ಕೆ.ಜಿ. ರಸ್ತೆ ಮತ್ತು ಮೇಯೋ ಹಾಲ್ ಕೋರ್ಟುಗಳಲ್ಲಿ ವಕೀಲರ ಗುಮಾಸ್ತನಾಗಿ ದುಡಿದವನು. ವಕಾಲತ್ತು, ಅಫಿಡವಿಟ್, ಸರ್ಟಿಫೈಡ್ ಕಾಪಿ, ಇದೇ ನನ್ನ ವಿದ್ಯೆ. ದೇವಶಾಸ್ತ್ರ ಕಲಿತಿಲ್ಲ. ಆದರೂ ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ಫಿಲೆಮೋನನೆಂಬ ಕ್ರೈಸ್ತ ಯಜಮಾನನಿಗೆ ಬರೆದ ಪತ್ರ ಓದಿದಾಗಲೆಲ್ಲ ನನ್ನ ಕಣ್ಣು 18 ಮತ್ತು 19ನೇ ವಚನದ ಮೇಲೇ ನಿಲ್ಲುತ್ತದೆ. ಇಡೀ ಪತ್ರ ಇರುವುದೇ 25 ವಚನ. ಪೌಲ ಸೆರೆಯಲ್ಲಿದ್ದಾನೆ. ಫಿಲೆಮೋನನ ದಾಸ ಒನೇಸಿಮ ಅವನ ಹತ್ತಿರ ಬಂದು ಕ್ರೈಸ್ತನಾಗಿದ್ದಾನೆ. ಒನೇಸಿಮ ಮನೆಯಿಂದ ಕದ್ದು ಓಡಿಬಂದವನು ಅಂತ ಪ್ರಸಂಗಗಳಲ್ಲಿ ಹೇಳುತ್ತಾರೆ. ಪತ್ರದಲ್ಲಿ ನೇರವಾಗಿ ಹಾಗಿಲ್ಲ. 'ನಿನಗೆ ಏನಾದರೂ ಅನ್ಯಾಯ ಮಾಡಿದ್ದರೆ, ಏನಾದರೂ ಕೊಡಬೇಕಾಗಿದ್ದರೆ' ಎಂದಷ್ಟೇ ಇದೆ. ಮುಂದಿನ ಮಾತು ಗಮನಿಸಿ. ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಪೌಲನಾದ ನಾನು ಸ್ವಂತ ಕೈಯಿಂದ ಬರೆದಿದ್ದೇನೆ ಅನ್ನುತ್ತಾನೆ. ಇದು ಪ್ರಾಮಿಸರಿ ನೋಟು, ಸ್ವಾಮಿ! ಕೈಬರಹ ಇದೆ, ಹೆಸರು ಇದೆ, ಹೊಣೆ ಹೊತ್ತವನು ಯಾರು ಅಂತ ಸ್ಪಷ್ಟವಾಗಿದೆ. 'ಹೋಗಲಿ ಬಿಡು' ಅನ್ನುವ ಮಾತೇ ಇಲ್ಲ.

ಇನ್ನೂ ಒಂದಿದೆ. ಈ ಪತ್ರ ಫಿಲೆಮೋನನೊಬ್ಬನಿಗೇ ಬಂದದ್ದಲ್ಲ. ಅಪ್ಫಿಯಳಿಗೆ, ಅರ್ಖಿಪ್ಪನಿಗೆ, ಆ ಮನೆಯಲ್ಲಿ ಕೂಡುತ್ತಿದ್ದ ಸಭೆಗೂ ಸೇರಿಸಿ ಬರೆದದ್ದು. ಅಂದರೆ ಯಜಮಾನ ಏನು ಮಾಡುತ್ತಾನೆ ಅಂತ ಹತ್ತು ಜನ ನೋಡುತ್ತಿರುತ್ತಾರೆ. ಒನೇಸಿಮನನ್ನು ದಾಸನಿಗಿಂತ ಹೆಚ್ಚಾಗಿ, ಪ್ರಿಯ ಸಹೋದರನಾಗಿ ಸೇರಿಸಿಕೋ ಎಂದು ಎಲ್ಲರ ಎದುರಿಗೇ ಕೇಳುತ್ತಾನೆ. ಕೊನೆಗೆ, ನನಗೊಂದು ಕೋಣೆ ಸಿದ್ಧಮಾಡು, ಬರುವ ನಿರೀಕ್ಷೆ ಇದೆ ಅನ್ನುತ್ತಾನೆ. ನಮ್ಮ ಸೀನಿಯರ್ ವಕೀಲರಿಗೂ ಇಷ್ಟು ಚೆನ್ನಾಗಿ ನೋಟಿಸು ಬರೆಯಲು ಬರುತ್ತಿರಲಿಲ್ಲ. ದಾಸ್ಯವೇ ತಪ್ಪು ಅಂತ ಪೌಲ ಬಾಯಿಬಿಟ್ಟು ಹೇಳಲಿಲ್ಲ ಅನ್ನುವ ಕೊರತೆ ಇದ್ದೇ ಇದೆ. ಇದೇ ಪತ್ರವನ್ನು ಹಿಡಿದುಕೊಂಡು ಅಮೆರಿಕದಲ್ಲಿ ಗುಲಾಮರ ಒಡೆಯರು ವಾದ ಮಾಡಿದ್ದೂ ನಿಜ.

ಪತ್ರದ ವಂದನೆಗಳ ಸಾಲಿನಲ್ಲಿ ಮಾರ್ಕನ ಹೆಸರೂ ಬರುತ್ತದೆ. ಅರ್ಧ ದಾರಿಯಲ್ಲಿ ಬಿಟ್ಟುಹೋದ ಅಂತ ಪೌಲ ಜೊತೆಗೆ ಕರೆದುಕೊಳ್ಳಲು ಒಪ್ಪದೆ, ತನ್ನ ಸಂಗಡಿಗ ಬಾರ್ನಬನ ಜೊತೆ ಜಗಳವಾಡಿ ಬೇರೆಯಾಗಿದ್ದು ಮಾರ್ಕನೆಂಬುವನ ಕಾರಣಕ್ಕೇ. ಆ ಮಾರ್ಕನೂ ಈ ಮಾರ್ಕನೂ ಒಬ್ಬನೇ ಅನ್ನುವುದು ಹಿಂದಿನಿಂದ ಬಂದ ನಂಬಿಕೆ. ಈ ಪತ್ರದ ಹೊತ್ತಿಗೆ ಅವನು ಪೌಲನ ಜೊತೆ ಕೆಲಸಗಾರ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಸಭೆಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ಇದ್ದಾರೆ. ಗಂಡ ಇಲ್ಲ. ಮಗಳ ಮದುವೆಗೆ ಅಂತ ಸಭೆಯ ಹಿರಿಯರೊಬ್ಬರ ಹತ್ತಿರ ಮೂರು ಲಕ್ಷದ ಚೀಟಿ ಹಾಕಿದ್ದರು. ಚೀಟಿ ಮುಳುಗಿತು. ಕೇಳಲು ಹೋದರೆ ಕಮಿಟಿಯವರು ಕೈಗೆ ಕೊಟ್ಟಿದ್ದು ಕೊರಿಂಥದ ಸಭೆಗೆ ಪೌಲ ಬರೆದ ಒಂದನೇ ಪತ್ರದ 6ನೇ ಅಧ್ಯಾಯ. ಸಹೋದರರು ಕೋರ್ಟಿಗೆ ಹೋಗಬಾರದು, ಅದರ ಬದಲು ಅನ್ಯಾಯವನ್ನು ಯಾಕೆ ಸಹಿಸಬಾರದು ಅಂತ ಅಲ್ಲಿ ಇದೆಯಲ್ಲ, ಅದು. ಆ ಅಕ್ಕ ತಲೆ ಅಲ್ಲಾಡಿಸಿ ಎದ್ದು ಬಂದರು. ಆ ಹಿರಿಯರು ಈಗಲೂ ಭಾನುವಾರ ನಿಂತು ಬೈಬಲ್ ಪಾಠ ಓದುತ್ತಾರೆ.

ಅದು 7ನೇ ವಚನ. ಎಂಟನೆಯದನ್ನು ಯಾರೂ ಓದಲಿಲ್ಲ. ಅನ್ಯಾಯ ಮಾಡುವವರು ನೀವೇ, ಮೋಸ ಮಾಡುವವರು ನೀವೇ, ಅದೂ ಸಹೋದರರಿಗೆ, ಎಂದು ಪೌಲ ಬೈಯುತ್ತಾನೆ. ಅದಕ್ಕೂ ಮೊದಲು, 5ನೇ ವಚನದಲ್ಲಿ, ಸಹೋದರರ ನಡುವೆ ತೀರ್ಪು ಹೇಳಬಲ್ಲ ಒಬ್ಬ ಜಾಣನೂ ನಿಮ್ಮಲ್ಲಿಲ್ಲವೇ ಅಂತ ಕೇಳುತ್ತಾನೆ. ಕೋರ್ಟಿಗೆ ಹೋಗಬೇಡಿ ಅಂದವನು, ನೀವೇ ಕೂತು ವಿಚಾರಣೆ ಮಾಡಿ ಅಂದೂ ಹೇಳಿದ್ದಾನೆ. ವಿಚಾರಣೆ ಬಿಟ್ಟು ಸುಮ್ನೆ ಸಹಿಸಿಕೋ ಅಂದರೆ ಲಾಭ ಯಾರಿಗೆ?

ಆಮೇಲಿನ ಕ್ರೈಸ್ತರು ಆ ವಿಚಾರಣೆಗೆ ದಿನವನ್ನೂ ಗೊತ್ತುಮಾಡಿದರು. ಮೂರನೇ ಶತಮಾನದಲ್ಲಿ ಸಿರಿಯಾ ಕಡೆ ಬರೆದ 'ದಿದಸ್ಕಾಲಿಯ' ಎಂಬ ಸಭಾ ನಿಯಮಗಳ ಪುಸ್ತಕವಿದೆ. ಬಿಷಪ್ಪರು ವ್ಯಾಜ್ಯಗಳನ್ನು ಸೋಮವಾರ ಕೇಳಬೇಕು ಅನ್ನುತ್ತದೆ ಅದು. ಯಾಕೆ ಗೊತ್ತಾ? ತೀರ್ಪಿಗೆ ಯಾರಾದರೂ ತಕರಾರು ತೆಗೆದರೆ ವಿಚಾರಿಸಲು ವಾರವಿಡೀ ಸಮಯ ಸಿಗುತ್ತದೆ, ಭಾನುವಾರದ ಹೊತ್ತಿಗೆ ರಾಜಿಯಾಗಬಹುದು. ಎರಡೂ ಕಡೆಯವರು ಎದುರಿಗೇ ಇರಬೇಕು. ಆರಾಧನೆಯಲ್ಲಿ, ಯಾರಿಗಾದರೂ ಯಾರ ಮೇಲಾದರೂ ಸಿಟ್ಟು ಉಳಿದಿದೆಯಾ ಅಂತ ಸಭಾ ಸೇವಕ ಗಟ್ಟಿಯಾಗಿ ಕೂಗಿ ಕೇಳಬೇಕು. ಇದಕ್ಕಿಂತ ಹಳೆಯ 'ದಿದಖೆ' ಎಂಬ ಪುಸ್ತಕವೂ, ಜಗಳವಾಡಿದವರು ರಾಜಿಯಾಗುವ ತನಕ ನಿಮ್ಮ ಜೊತೆ ಸೇರಬಾರದು ಅನ್ನುತ್ತದೆ. ನಾವೂ ಕರ್ತನ ಭೋಜನದ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ಮೊದಲು ಕೈಮುಗಿದು ಸಮಾಧಾನ ಹೇಳಿಕೊಳ್ಳುತ್ತೇವೆ. ಅಕ್ಕ ಎಡಗಡೆಯ ಬೆಂಚಿನಲ್ಲಿ, ಹಿರಿಯರು ಬಲಗಡೆ. ಕೈಮುಗಿಯುವುದು ಪಕ್ಕದವರಿಗೆ.

ಎಲ್ಲವನ್ನೂ ಸಭೆಯೊಳಗೇ ಮುಗಿಸಿ ಅಂತ ನಾನು ಹೇಳುತ್ತಿಲ್ಲ. ಹೊಡೆತ ಬಡಿತ, ಹೆಣ್ಣುಮಕ್ಕಳ ಮೇಲೆ ಕೈಮಾಡುವುದು, ಇವೆಲ್ಲ ನೇರ ಪೊಲೀಸ್ ಠಾಣೆಗೆ ಹೋಗಬೇಕು. ಅಲ್ಲಿ ಕ್ಷಮೆಯ ಪ್ರಸಂಗ ಬೇಡ. ದುಡ್ಡಿನ ವ್ಯಾಜ್ಯಕ್ಕಾದರೆ ದಾರಿಗಳಿವೆ. ಬೆಂಗಳೂರಿನ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರು ಅಲ್ಲಿ ಒಂದೇ ಮೇಜಿಗೆ ಕೂತಿದ್ದನ್ನು ನಾನು ಕಂಡಿದ್ದೇನೆ. ಅಲ್ಲೂ ಮೊದಲು ಬರುವುದು ಕಾಗದ ಪತ್ರ, ಕಣ್ಣೀರೆಲ್ಲ ಆಮೇಲೆ.

ಬೆಂಗಳೂರಿನ ಸಭೆಗಳ ಕಮಿಟಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ವಾರಕ್ಕೊಂದು ಸಂಜೆ ಸಭಾಂಗಣದ ಬಾಗಿಲು ತೆರೆಯಿರಿ, ಸೋಮವಾರವೇ ಆಗಲಿ. ಕಮಿಟಿಗೆ ಸೇರದ ಮೂವರನ್ನು ಕೂರಿಸಿ, ಅವರಲ್ಲಿ ಒಬ್ಬರಾದರೂ ಹೆಂಗಸಿರಲಿ. ಚೀಟಿ ನಡೆಸಿದವರು ಪುಸ್ತಕ ತರಲಿ. ಒಟ್ಟಿಗೆ ಕೊಡಲಾಗದಿದ್ದರೆ ತಿಂಗಳಿಗೆ ಇಷ್ಟು ಅಂತ ಬರೆದುಕೊಡಲಿ, ಅವರ ಪರವಾಗಿ ಕಮಿಟಿಯ ಒಬ್ಬರು ಜಾಮೀನು ಹಾಕಲಿ. ಕ್ಷಮಿಸಬೇಕೋ ಬೇಡವೋ ಅನ್ನುವುದನ್ನು ಆಮೇಲೆ ಆ ಅಕ್ಕನನ್ನೇ ಕೇಳಿ.

ಇತಿ,
ಒಬ್ಬ ನಿವೃತ್ತ ಗುಮಾಸ್ತ
ಲಿಂಗರಾಜಪುರ, ಬೆಂಗಳೂರು